ಗಾಳಿಗೊಂದು ಸಂದು ಬಿಡಿ

ಚಳಿಗಾಲದ ಬೆಳಗ್ಗೆ ಸೈಕಲ್ ತುಳಿದು ಕೆಲಸಕ್ಕೆ ಹೋಗುವವರಿಗೆಲ್ಲ ಇದು ಗೊತ್ತು. ಇಳಿಜಾರು ಬಂತೆಂದರೆ ಅಳು ಬರುತ್ತದೆ. ದುಃಖ ಏನೂ ಇಲ್ಲ, ಸುಮ್ನೆ ನೀರು. ಹನಿ ಕೆನ್ನೆಯ ಮೇಲೆ ಇಳಿಯುವುದೂ ಇಲ್ಲ, ಗಾಳಿಯ ಹೊಡೆತಕ್ಕೆ ಅಡ್ಡಡ್ಡ ಕಿವಿಯ ಕಡೆಗೆ ಓಡುತ್ತದೆ. ಮುಂದಿನ ಗಾಡಿಯ ಕೆಂಪು ದೀಪ ಒಡೆದು ನಕ್ಷತ್ರದ ಹಾಗೆ ಹರಡಿಕೊಳ್ಳುತ್ತದೆ. ಹಿಂದೆಯೇ ಮೂಗೂ ಸೋರಲು ಶುರು.

ನನ್ನ ಮೊದಲ ಚಳಿಗಾಲದಲ್ಲಿ ಇದಕ್ಕೆ ನಾನು ಕಂಡುಕೊಂಡ ಪರಿಹಾರ ಭಾರಿ ಸರಳವಾಗಿತ್ತು. ಗಾಳಿಯಿಂದಲೇ ತಾನೆ ತೊಂದರೆ? ಒಂದಿಷ್ಟೂ ಗಾಳಿ ನುಗ್ಗದಂಥ, ಸುತ್ತಲೂ ರಬ್ಬರ್ ಅಂಚಿದ್ದ ಗಾಗಲ್ಸ್ ತಂದೆ. ಮೊದಲ ಎರಡು ಕಿಲೋಮೀಟರ್ ಸ್ವರ್ಗ. ಆಮೇಲೆ ಒಂದು ಏರು, ಏರು ಮುಗಿದಲ್ಲೇ ಸಿಗ್ನಲ್. ನಿಂತು ಮೂರು ಸಲ ಉಸಿರು ಬಿಡುವಷ್ಟರಲ್ಲಿ ಗಾಜು ಹಾಲಿನ ಬಣ್ಣಕ್ಕೆ ತಿರುಗಿತು. ಹಸಿರು ಬಂದದ್ದು ಹಿಂದಿನವರ ಹಾರ್ನ್‌ನಿಂದ ಗೊತ್ತಾಯಿತು!

ಎಲ್ಲಿ ಎಡವಿದೆ ಅಂತ ತಿಳಿಯಬೇಕಾದರೆ ಮೊದಲು ಆ ಕಣ್ಣೀರು ಯಾಕೆ ಬರುತ್ತದೆ ಎಂದು ನೋಡಬೇಕು.

ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆ ಕಾರ್ನಿಯಾ. ಅದರಲ್ಲಿ ರಕ್ತನಾಳಗಳಿಲ್ಲ, ಆದರೆ ನರದ ತುದಿಗಳು ಕಿಕ್ಕಿರಿದಿವೆ. ಅದರ ಮೇಲೆ ಸದಾ ಕಣ್ಣೀರಿನ ಒಂದು ಪದರ ಹರಡಿಕೊಂಡಿರುತ್ತದೆ. ದಪ್ಪ ಸುಮಾರು 3 ಮೈಕ್ರೋಮೀಟರ್, ಅಂದರೆ ತಲೆಗೂದಲಿನ ದಪ್ಪದ ಇಪ್ಪತ್ತರಲ್ಲಿ ಒಂದು ಪಾಲು. ನೀರು ಬೇಗ ಆರಿಹೋಗದಿರಲಿ ಅಂತ ಅದರ ಮೇಲೆ ಇನ್ನೂ ತೆಳುವಾದ ಎಣ್ಣೆಯ ಹೊದಿಕೆ. ಈ ಎಣ್ಣೆ ರೆಪ್ಪೆಯಂಚಿನ ಪುಟ್ಟ ಗ್ರಂಥಿಗಳಿಂದ ಬರುತ್ತದೆ. ಪ್ರತಿ ಸಲ ಕಣ್ಣು ಮಿಟುಕಿಸಿದಾಗಲೂ ರೆಪ್ಪೆ ಅದನ್ನು ಸಾರಿಸಿದ ಹಾಗೆ ಹರಡುತ್ತದೆ.

ನೀರು ಆರಿದರೆ ಕಣ್ಣಿನ ಮೇಲ್ಮೈ ತಣ್ಣಗಾಗುತ್ತದೆ. ಕಾರ್ನಿಯಾದ ಕೆಲವು ನರತುದಿಗಳ ಕೆಲಸವೇ ಈ ತಂಪನ್ನು ಕಾಯುವುದು. ಅವುಗಳಲ್ಲಿರುವ ಟಿಆರ್‌ಪಿಎಂ8 ಎಂಬ ಪ್ರೋಟೀನು ತಂಪು ತಾಗಿದ ಕೂಡಲೇ ‘ಒಣಗುತ್ತಿದೆ, ನೀರು ಬಿಡಿ’ ಎಂದು ಸುದ್ದಿ ಕಳಿಸುತ್ತದೆ. ನೋವಿನ ಮುಲಾಮು ಹಚ್ಚಿಕೊಂಡಾಗ ಚರ್ಮ ತಣ್ಣಗಾದಂತೆ ಅನಿಸುತ್ತದಲ್ವಾ, ಆಗ ಮೆಂಥಾಲ್ ಮೋಸ ಮಾಡುವುದು ಇದೇ ಪ್ರೋಟೀನಿಗೆ. ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ 2002ರಲ್ಲಿ ಇದನ್ನು ಬೇರೆ ಬೇರೆಯಾಗಿ ಗುರುತಿಸಿದರು. ಬಿಸಿ, ತಂಪು ಮತ್ತು ಸ್ಪರ್ಶದ ಸಂವೇದಕಗಳ ಬಗೆಗಿನ ಕೆಲಸಕ್ಕೆ 2021ರ ನೊಬೆಲ್ ಬಂದದ್ದು ಇವರಿಬ್ಬರಿಗೇ.

ಮನೆಯೊಳಗೆ ಈ ಏರ್ಪಾಡು ಸದ್ದಿಲ್ಲದೆ ನಡೆಯುತ್ತಿರುತ್ತದೆ. ಸೈಕಲ್ ಮೇಲೆ ತಣ್ಣನೆ ಗಾಳಿ ನೇರ ಮುಖಕ್ಕೆ ಬಡಿದಾಗ ಅದೇ ಏರ್ಪಾಡು ಗಾಬರಿ ಬಿದ್ದು ನಲ್ಲಿ ತಿರುಗಿಸುತ್ತದೆ. ಕಣ್ಣೀರು ಹೊರಹೋಗಲು ರೆಪ್ಪೆಗಳ ಮೂಗಿನ ಕಡೆಯ ಮೂಲೆಯಲ್ಲಿ ಎರಡು ಚಿಕ್ಕ ತೂತುಗಳಿವೆ. ಅವು ಮೂಗಿನೊಳಕ್ಕೆ ತೆರೆಯುತ್ತವೆ. ಮೂಗು ಸೋರುವುದಕ್ಕೆ ಇದೂ ಒಂದು ಕಾರಣ. ಅಲ್ಲಿ ಹಿಡಿಸದೆ ಹೋದದ್ದು ಕಿವಿಯ ಕಡೆಗೆ.

ಇಲ್ಲಿ ಚಳಿಗಿಂತ ದೊಡ್ಡ ತಪ್ಪಿತಸ್ಥ ಗಾಳಿ, ಮತ್ತು ಆ ಗಾಳಿಯನ್ನು ಹುಟ್ಟಿಸುವವರು ನಾವೇ. ಅಮೆರಿಕ ಮತ್ತು ಕೆನಡಾ 2001ರಿಂದ ಬಳಸುತ್ತಿರುವ ಗಾಳಿಚಳಿಯ ಸೂತ್ರದಲ್ಲಿ 0 ಡಿಗ್ರಿ ಮತ್ತು ಗಂಟೆಗೆ 25 ಕಿಲೋಮೀಟರ್ ಗಾಳಿ ಹಾಕಿ ನೋಡಿ. ಮುಖಕ್ಕೆ ಮೈನಸ್ 6ರಂತೆ ಅನಿಸುತ್ತದೆ ಎಂಬ ಉತ್ತರ ಬರುತ್ತದೆ. ಹಾಗಾಗಿ ಕಣ್ಣಿಗೆ ಬೇಕಿರುವುದು ಬಿಸಿ ಕೋಣೆಯಲ್ಲ. ನುಗ್ಗುವ ಗಾಳಿ ಒಂದಿಷ್ಟು ನಿಧಾನವಾದರೆ ಸಾಕು.

ಇನ್ನು ಆ ಹಾಲು ಬಣ್ಣದ ಗಾಜಿನ ವಿಷಯ. ನಾವು ಹೊರಬಿಡುವ ಉಸಿರು ಸುಮಾರು 34 ಡಿಗ್ರಿ ಬಿಸಿ, ನೀರಾವಿಯಿಂದ ತುಂಬಿರುತ್ತದೆ. ಅಂಥ ಒಂದು ಘನಮೀಟರ್ ಗಾಳಿಯಲ್ಲಿ 37 ಗ್ರಾಂ ಆಸುಪಾಸು ನೀರಿರುತ್ತದೆ. 0 ಡಿಗ್ರಿಯ ಗಾಳಿಗೆ ಹೊರಲು ಆಗುವುದು 5 ಗ್ರಾಂಗೂ ಕಡಿಮೆ. ಮಿಕ್ಕಿದ್ದು ಎಲ್ಲಿಗೆ ಹೋಗಬೇಕು? ಮೊದಲು ಸಿಕ್ಕ ತಣ್ಣನೆ ಮೇಲ್ಮೈ ಮೇಲೆ ಕೂರುತ್ತದೆ. ಹಣೆಯ ಬೆವರು, ಕಣ್ಣಿನ ತೇವ ಕೂಡ ಅಲ್ಲಿಗೇ ಬಂದು ಸೇರುತ್ತವೆ. ಸುತ್ತಲೂ ಬಿಗಿಯಾಗಿ ಮುಚ್ಚಿದ ಗಾಗಲ್ಸ್ ಅಂದರೆ ಮುಚ್ಚಳ ಹಾಕಿದ ಪಾತ್ರೆ. ಮುಚ್ಚಳದ ಒಳಬದಿಯಲ್ಲಿ ಹನಿ ಕೂರದೆ ಇರುತ್ತದೆಯೇ?

ಇದರಿಂದ ತಪ್ಪಿಸಿಕೊಳ್ಳಲು ಒಂದು ದಾರಿ ಗಾಜಿನ ಒಳಮೈಯನ್ನು ಬೆಚ್ಚಗಿಡುವುದು. ಸ್ಕೀ ಗಾಗಲ್ಸ್ ಮಾಡುವುದು ಇದನ್ನೇ. 1965ರಲ್ಲಿ ಬಾಬ್ ಸ್ಮಿತ್ ಎಂಬ ಅಮೆರಿಕದ ದಂತವೈದ್ಯರು ಸ್ಕೀ ಆಟಕ್ಕಾಗಿ ಎರಡು ಪದರದ ಲೆನ್ಸ್ ಮಾಡಿದರು. ನಡುವೆ ಸಿಕ್ಕಿಕೊಂಡ ಗಾಳಿ ಪ್ಲಾಸ್ಟಿಕ್‌ಗೆ ಹೋಲಿಸಿದರೆ ಶಾಖವನ್ನು ಸುಮಾರು ಎಂಟು ಪಟ್ಟು ಕಡಿಮೆ ಸಾಗಿಸುತ್ತದೆ. ಹೊರ ಲೆನ್ಸ್ ಕೊರೆಯುತ್ತಿದ್ದರೂ ಒಳ ಲೆನ್ಸ್ ಅಷ್ಟು ತಣ್ಣಗಾಗುವುದಿಲ್ಲ.

ಇನ್ನೊಂದು ದಾರಿ ಸ್ವಲ್ಪ ಗಾಳಿ ಒಳಗೆ ಬಿಡುವುದು. ಕೇಳಲು ವಿಚಿತ್ರ, ಆದರೆ ಚಳಿಯ ಗಾಳಿ ನಿಜಕ್ಕೂ ಒಣ ಗಾಳಿ. ಹೊರಗೆ ಮಂಜು ಮುಸುಕಿದ್ದರೂ 0 ಡಿಗ್ರಿಯಲ್ಲಿ ಅದರಲ್ಲಿರುವ ಆವಿ ಘನಮೀಟರಿಗೆ ಅದೇ 5 ಗ್ರಾಂ. ಅದು ಮುಖದ ಹತ್ತಿರ ಬಂದು 20 ಡಿಗ್ರಿಗೆ ಬೆಚ್ಚಗಾಯಿತು ಎಂದುಕೊಳ್ಳಿ. ಈಗ ಅದು 17 ಗ್ರಾಂ ಹೊರಬಲ್ಲದು, ಇರುವುದು ಮಾತ್ರ ಐದು. ಅಂಥ ಗಾಳಿಗೆ ಬಾಯಾರಿಕೆ ಜಾಸ್ತಿ. ಗಾಜಿನ ಮೇಲಿನ ತೇವವನ್ನು ಕುಡಿದುಕೊಂಡೇ ಆಚೆ ಹೋಗುತ್ತದೆ.

ಇಲ್ಲೇ ಸೈಕಲ್‌ನವರ ದಾರಿ ಬೇರೆಯಾಗುವುದು. ಸ್ಕೀ ಮಾಡುವವರು ಗುಡ್ಡದಿಂದ ಜಾರಿ ಇಳಿಯುತ್ತಾರೆ. ವೇಗ ಜಾಸ್ತಿ, ಏದುಸಿರು ಕಡಿಮೆ. ನಾವು ಏದುಸಿರು ಬಿಡುತ್ತಾ ಏರು ಹತ್ತುತ್ತೇವೆ, ವೇಗ ನಡಿಗೆಗಿಂತ ತುಸು ಹೆಚ್ಚು. ಬೆವರು ಇದೆ, ಬಿಸಿ ಉಸಿರು ಇದೆ, ಒಣಗಿಸುವ ಗಾಳಿಯೇ ಇಲ್ಲ. ಅದಕ್ಕೇ ದುಬಾರಿ ಸ್ಕೀ ಗಾಗಲ್ಸ್ ತಂದವರು ಏರಿನಲ್ಲಿ ಅದನ್ನು ಹಣೆಗೆ ಏರಿಸಿಕೊಂಡು ಹೋಗುವುದು ಕಾಣುತ್ತದೆ. ಹಣೆಯ ಆವಿಗೆ ಒಳಮೈ ಇನ್ನಷ್ಟು ಒದ್ದೆಯಾಗುತ್ತದೆ, ಅದು ಬೇರೆ ಮಾತು. ಮೈನಸ್ 10ಕ್ಕಿಂತ ಕೆಳಗೆ ಓಡಾಡುವವರಿಗೆ ಎರಡು ಪದರದ್ದು ಬೇಕಾಗಬಹುದು. ಉಳಿದವರಿಗೆ ಅದು ಅತಿ ಅಂತಲೇ ನನ್ನ ಅಭಿಪ್ರಾಯ.

ಕಡಿಮೆ ಖರ್ಚಿನಲ್ಲಿ ಆಗಬೇಕೆಂದರೆ ಕಾರ್ಖಾನೆಯಲ್ಲಿ ಗ್ರೈಂಡಿಂಗ್ ಮಾಡುವವರು ಹಾಕುವ ಸುರಕ್ಷತಾ ಕನ್ನಡಕ ನೋಡಿ. ಮುಖಕ್ಕೆ ಬಾಗಿ ಹೊಂದಿಕೊಳ್ಳುವಂಥದ್ದು, ಅಂಚಿಗೆ ತೆಳು ಫೋಮ್ ಇದ್ದು ಆ ಫೋಮ್‌ನಲ್ಲಿ ಅಲ್ಲಲ್ಲಿ ಸಂದು ಬಿಟ್ಟಿರುವಂಥದ್ದು. ಬೆಲೆ ಸ್ಕೀ ಗಾಗಲ್ಸ್‌ನ ಒಂದು ಚಿಕ್ಕ ಪಾಲು. ಲೆನ್ಸ್ ಹೆಚ್ಚಾಗಿ ಪಾಲಿಕಾರ್ಬೊನೇಟ್. ಬಣ್ಣವಿಲ್ಲದ ಪಾಲಿಕಾರ್ಬೊನೇಟ್ ಕೂಡ ನೇರಳಾತೀತ ಕಿರಣಗಳನ್ನು ತಾನಾಗಿಯೇ ಬಹುಪಾಲು ತಡೆಯುತ್ತದೆ. ಅದಕ್ಕಾಗಿ ಕಪ್ಪು ಲೆನ್ಸ್‌ಗೆ ಜಾಸ್ತಿ ದುಡ್ಡು ಕೊಡಬೇಕಾಗಿಲ್ಲ.

ಚೌಕಟ್ಟಿನ ಮೇಲಿನ ಸಣ್ಣ ಅಕ್ಷರಗಳನ್ನು ಓದುವುದು ಒಳ್ಳೆಯದು. ಯುರೋಪಿನ ಹಳೆಯ ಇಎನ್ 166 ಮಾನದಂಡದಲ್ಲಿ ‘ಎಫ್’ ಎಂದಿದ್ದರೆ 6 ಮಿಲಿಮೀಟರ್ ಉಕ್ಕಿನ ಗುಂಡು ಸೆಕೆಂಡಿಗೆ 45 ಮೀಟರ್ ವೇಗದಲ್ಲಿ, ಅಂದರೆ ಗಂಟೆಗೆ 162 ಕಿಲೋಮೀಟರಿನಲ್ಲಿ ಬಡಿದರೂ ತಡೆದಿದೆ ಎಂದರ್ಥ. ಲಾರಿಯ ಚಕ್ರ ಸಿಡಿಸುವ ಕಲ್ಲಿಗೆ ಇದು ಧಾರಾಳ ಸಾಕು. ‘ಎಫ್‌ಟಿ’ ಎಂದಿದ್ದರೆ ಅದೇ ಪರೀಕ್ಷೆಯನ್ನು ಮೈನಸ್ 5 ಡಿಗ್ರಿಯಲ್ಲೂ ಪಾಸು ಮಾಡಿದೆ. ‘ಎನ್’ ಅಂದರೆ ಮಂಜು ಹಿಡಿಯದ ಲೇಪ, ‘ಕೆ’ ಅಂದರೆ ಗೀರು ಬೀಳದ ಲೇಪ. ನನ್ನನ್ನು ಕೇಳಿದರೆ ‘ಎನ್’ ಇರುವುದನ್ನು ಬಿಡಬೇಡಿ.

ಆ ಲೇಪದ ಗುಟ್ಟು ಸರಳ. ಗಾಜನ್ನು ಬೆಳ್ಳಗೆ ಮಾಡುವುದು ನೀರಲ್ಲ, ನೀರಿನ ಹನಿಗಳು. ಪ್ರತಿ ಹನಿಯೂ ಒಂದು ಪುಟ್ಟ ಲೆನ್ಸಾಗಿ ಬೆಳಕನ್ನು ಚದುರಿಸುತ್ತದೆ. ಅದೇ ನೀರು ಸಮನಾಗಿ ಹರಡಿದರೆ ಆಚೆ ಕಡೆ ಚೆನ್ನಾಗಿಯೇ ಕಾಣುತ್ತದೆ. ಲೇಪ ಸವೆದುಹೋದ ಕನ್ನಡಕಕ್ಕೆ ಸೋಪು ಇದೇ ಕೆಲಸ ಮಾಡಿಕೊಡುತ್ತದೆ. ಒಳಮೈಗೆ ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಸವರಿ, ಆರಲು ಬಿಟ್ಟು, ಮೆತ್ತನೆ ಬಟ್ಟೆಯಿಂದ ತಿಳಿಯಾಗುವವರೆಗೂ ಒರೆಸಿ.

ಬಾಹ್ಯಾಕಾಶದವರೂ ಇದಕ್ಕೇ ಶರಣಾದರು. 1966ರ ಜೂನ್‌ನಲ್ಲಿ ಜೆಮಿನಿ 9ಎ ನೌಕೆಯಿಂದ ಹೊರಗೆ ಬಂದ ಯೂಜೀನ್ ಸರ್ನನ್ ಅವರ ಹೆಲ್ಮೆಟ್ ಗಾಜು ಪೂರ್ತಿ ಮಂಜು ಹಿಡಿಯಿತು. ಕೈ ಒಳಗೆ ಹಾಕಿ ಒರೆಸಿಕೊಳ್ಳುವ ಹಾಗಿಲ್ಲ. ಕೊನೆಗೆ ಮೂಗಿನ ತುದಿಯಿಂದಲೇ ಉಜ್ಜಿ ಒಂದು ಕಿಂಡಿ ಮಾಡಿಕೊಂಡರು. ಅಲ್ಲಿಂದ ಮುಂದೆ ಗಾಜಿಗೆ ಮಂಜು ತಡೆಯುವ ದ್ರಾವಣ ಬಂತು. ಅದಕ್ಕೂ ಒಂದು ಕಥೆಯಿದೆ. 2001ರಲ್ಲಿ ಕ್ರಿಸ್ ಹ್ಯಾಡ್‌ಫೀಲ್ಡ್ ನೌಕೆಯ ಹೊರಗೆ ಕೆಲಸ ಮಾಡುತ್ತಿದ್ದಾಗ ಅದೇ ದ್ರಾವಣ ಕಣ್ಣಿಗೆ ಇಳಿದು ಕೆಲಹೊತ್ತು ಏನೂ ಕಾಣದಾಯಿತು. ‘ತಿಳಿಯಾಗುವವರೆಗೂ ಒರೆಸಿ’ ಎಂದದ್ದು ಸುಮ್ನೆ ಅಲ್ಲ. ಲೇಪ ಇನ್ನೂ ಚೆನ್ನಾಗಿರುವ ಕನ್ನಡಕಕ್ಕೆ ಸೋಪು ಬೇಡ. ಒಳಮೈ ಒದ್ದೆಯಾಗಿದ್ದಾಗ ಉಜ್ಜಲೂ ಬೇಡ, ಲೇಪವೇ ಕಿತ್ತುಬರುತ್ತದೆ.

ಬಣ್ಣದ ವಿಷಯ ಬೇಗ ಮುಗಿಯುತ್ತದೆ. ಚಳಿಗಾಲದಲ್ಲಿ ಹೋಗುವಾಗಲೂ ಬರುವಾಗಲೂ ಅರೆಗತ್ತಲು. ಬಣ್ಣವಿಲ್ಲದ್ದೇ ಇರಲಿ. ತಂಪು ಕನ್ನಡಕದ ಮೂರನೇ ದರ್ಜೆಯ ಲೆನ್ಸ್ ನೂರರಲ್ಲಿ 8ರಿಂದ 18 ಪಾಲು ಬೆಳಕನ್ನಷ್ಟೇ ಬಿಡುತ್ತದೆ. ಹಳದಿ ಲೆನ್ಸ್ ಹಾಕಿದರೆ ಎಲ್ಲ ಬೆಳಗಿದ ಹಾಗೆ ಅನಿಸುತ್ತದೆ ನಿಜ, ಆದರೆ ಅದೂ ಬೆಳಕನ್ನು ಕಡಿಮೆಯೇ ಮಾಡುವುದು. ಬಿಸಿಲಿಗೆ ತಾನಾಗಿ ಕಪ್ಪಾಗುವ ಲೆನ್ಸ್‌ಗಳು ಚಳಿಯಲ್ಲಿ ಇನ್ನೂ ಹೆಚ್ಚು ಕಪ್ಪಾಗುತ್ತವೆ, ತಿಳಿಯಾಗಲು ಇನ್ನೂ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತವೆ. ಸುರಂಗದೊಳಗೆ ನುಗ್ಗಿದಾಗ ಅದು ಬೇಡವಾದ ಗುಣ.

ಕೊಳ್ಳುವಾಗ ಹೆಲ್ಮೆಟ್, ಮಫ್ಲರ್ ಎರಡನ್ನೂ ಹಾಕಿಕೊಂಡೇ ನೋಡಿ. ರೆಪ್ಪೆಗೂದಲು ಲೆನ್ಸಿಗೆ ತಾಗಬಾರದು. ಭುಜದ ಮೇಲಿಂದ ಹಿಂದೆ ತಿರುಗಿದಾಗ ಚೌಕಟ್ಟು ಅಡ್ಡ ಬರಬಾರದು. ಮಫ್ಲರ್ ಮೂಗಿನ ಮೇಲೆ ಸಡಿಲವಾಗಿ ಕೂತರೆ ಉಸಿರೆಲ್ಲ ಚಿಮಣಿಯ ಹೊಗೆಯ ಹಾಗೆ ನೇರ ಗಾಜಿಗೆ ಏರುತ್ತದೆ. ಅದನ್ನು ಮೂಗಿನ ಹೊಳ್ಳೆಗಳ ಕೆಳಗೆ ಇಳಿಸಿ. ನಂಬರ್ ಕನ್ನಡಕ ಹಾಕುವವರ ಕಷ್ಟ ಬೇರೆ, ಮಂಜು ಹಿಡಿಯಲು ಅವರ ಬಳಿ ಎರಡು ಗಾಜು. ಕನ್ನಡಕದ ಮೇಲೆ ಕೂರುವಂಥ ಅಗಲದ್ದನ್ನೇ ಹುಡುಕಬೇಕು, ಎರಡಕ್ಕೂ ಸೋಪಿನ ಉಪಚಾರ ಆಗಬೇಕು. ರಾತ್ರಿ ಅದನ್ನು ಸೈಕಲ್ ಜೊತೆ ಹೊರಗೆ ಬಿಡದೆ ಮನೆಯೊಳಗೆ ಇಡಿ. ಬೆಚ್ಚಗಿರುವ ಲೆನ್ಸ್‌ಗೆ ಮಂಜು ಹಿಡಿಯಲು ಒಂದಷ್ಟು ಹೊತ್ತು ಬೇಕು.

ನನ್ನ ಈಗಿನ ಕನ್ನಡಕದ ಫೋಮ್‌ನಲ್ಲಿ ಹುಬ್ಬಿನ ಮೇಲೆ ಕಿರುಬೆರಳಿನ ಅರ್ಧದಷ್ಟು ಸಂದಿದೆ. ಅದನ್ನು ಬ್ಲೇಡಿನಿಂದ ಕೊಯ್ದವನು ನಾನೇ. ಆದರೂ ಏರಿನ ಮೇಲಿನ ಆ ಸಿಗ್ನಲ್‌ನಲ್ಲಿ ಒಂದೊಂದು ದಿನ ಮಂಜು ಹಿಡಿಯುತ್ತದೆ. ಆಗ ಒಂದು ಕಾಲು ನೆಲಕ್ಕೆ ಊರಿ, ಕನ್ನಡಕವನ್ನು ಮೂಗಿನ ಮೇಲೆ ಒಂದು ಬೆರಳಿನಷ್ಟು ಮುಂದಕ್ಕೆ ಎಳೆದುಕೊಳ್ಳುತ್ತೇನೆ. ಮೇಲಿಂದಲೂ ಕೆಳಗಿಂದಲೂ ತಣ್ಣನೆ ಗಾಳಿ ಒಳಗೆ ಬರುತ್ತದೆ. ಗಾಜು ಅಂಚುಗಳಿಂದ ನಡುವಿನ ಕಡೆಗೆ ತಿಳಿಯಾಗುತ್ತಾ ಹೋಗುತ್ತದೆ. ಹಸಿರು ಬರುವಷ್ಟರಲ್ಲಿ ನಡುವೆ ಕಾಸಿನಷ್ಟಗಲ ಬಿಳಿ ಕಲೆ ಮಾತ್ರ ಉಳಿದಿರುತ್ತದೆ. ಎರಡು ಸಲ ಪೆಡಲ್ ತುಳಿದರೆ ಅದೂ ಇರುವುದಿಲ್ಲ.