ಸಾಂಕ್ರಾಮಿಕ ತಾನಾಗೇ ಇಳಿಯುವುದು ಯಾಕೆ?

ಸಾಂಕ್ರಾಮಿಕ ಇಳಿಯಲು ಶುರುವಾದಾಗ, ಅದರ ಹಿಂದಿನ ವಾರ ಯಾರು ಏನು ಮಾಡಿದ್ದರೋ ಅವರಿಗೆ ಹೆಸರು ಬರುತ್ತದೆ. ತಾಯತ ಕಟ್ಟಿದವರಿಗೆ, ಪವಾಡದ ಪುಡಿ ಮಾರಿದವರಿಗೆ. ಇದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಒಮ್ಮೆ ಬಂದರೆ ಮತ್ತೆ ಬಾರದಂಥ ಕಾಯಿಲೆಯಾದರೆ, ಯಾರೂ ಏನೂ ಮಾಡದಿದ್ದರೂ ಅದು ಏರುತ್ತದೆ, ಆಮೇಲೆ ಇಳಿದೇ ಇಳಿಯುತ್ತದೆ.

ಒಂದು ಲೆಕ್ಕ ನೋಡಿ. ರೋಗಿಯೊಬ್ಬ ವಾಸಿಯಾಗುವುದರೊಳಗೆ 10 ಜನರ ಹತ್ತಿರ ಕೂತು ಮಾತಾಡುತ್ತಾನೆ, ಅವರಲ್ಲಿ ಇಬ್ಬರಿಗೆ ಸೋಂಕು ಅಂಟುತ್ತದೆ ಅಂದುಕೊಳ್ಳಿ. ಒಬ್ಬರಿಂದ ಇಬ್ಬರು, ಇಬ್ಬರಿಂದ ನಾಲ್ವರು, ನಾಲ್ವರಿಂದ ಎಂಟು ಜನ. ಹೀಗೇ ಹೋದರೆ ಯಾರೂ ಉಳಿಯುವುದಿಲ್ಲ ಅನ್ನಿಸುತ್ತದೆ, ಅಲ್ವಾ? ಆದರೆ ಅರ್ಧದಷ್ಟು ಜನಕ್ಕೆ ಕಾಯಿಲೆ ಬಂದುಹೋದ ಮೇಲೆ ನೋಡಿ. ಈಗಲೂ ರೋಗಿ 10 ಜನರ ಹತ್ತಿರವೇ ಕೂರುತ್ತಾನೆ. ಅವರಲ್ಲಿ ಐವರಿಗೆ ಅದು ಅಂಟುವ ಹಾಗೇ ಇಲ್ಲ. ಹಾಗಾಗಿ ಇಬ್ಬರ ಬದಲು ಒಬ್ಬರಿಗೆ ಮಾತ್ರ ತಗಲುತ್ತದೆ. ಏರಿಕೆ ಅಲ್ಲಿಗೆ ಮುಗಿಯಿತು. ರೋಗಾಣು ಸೊರಗಿಲ್ಲ, ಅದರ ಕಸುವು ಮೊದಲಿನಷ್ಟೇ ಇದೆ. ಸುದ್ದಿ ಹೇಳಲು ಓಡಿ ಬಂದವನಿಗೆ 'ಗೊತ್ತು ಬಿಡು' ಅನ್ನುವವರೇ ಸಿಕ್ಕ ಹಾಗೆ. ಒಣಸೌದೆಯ ನಡುವೆ ಹಸಿಸೌದೆ ಜಾಸ್ತಿಯಾಗುತ್ತಾ ಹೋದ ಹಾಗೆ. ಬೆಂಕಿಯ ಬಿಸಿ ಅದೇ, ಹತ್ತಿಕೊಳ್ಳುವ ತುಂಡು ಕಡಿಮೆ.

ಹಾಗಂತ ಅರ್ಧಕ್ಕೇ ನಿಂತುಬಿಡುವುದಿಲ್ಲ. ಆ ಹೊತ್ತಿಗೆ ರೋಗಿಗಳು ತುಂಬಾ ಇರುತ್ತಾರೆ, ಇಳಿಯುವಾಗಲೂ ಬಹಳ ಜನಕ್ಕೆ ಅಂಟಿಸುತ್ತಾರೆ. ಸುಮ್ನೆ ಬಿಟ್ಟರೆ ಈ ಲೆಕ್ಕದಲ್ಲಿ ಸುಮಾರು 80% ಜನಕ್ಕೆ ತಗಲುತ್ತದೆ. ಐದರಲ್ಲಿ ಒಬ್ಬರು ಏನೂ ಮಾಡದೆ ಪಾರಾಗುತ್ತಾರೆ. ಪುಡಿ ತಿಂದಿದ್ದರೆ ಅವರೇ ಅದಕ್ಕೆ ಸಾಕ್ಷಿ ಹೇಳುತ್ತಾರೆ!

ಇದನ್ನು ಗಣಿತದಲ್ಲಿ ಕಟ್ಟಿ ತೋರಿಸಿದವರು ಕೆರ್ಮ್ಯಾಕ್ ಮತ್ತು ಮೆಕೆಂಡ್ರಿಕ್, 1927ರಲ್ಲಿ. ಕೆರ್ಮ್ಯಾಕ್ 1924ರಲ್ಲಿ, ಇನ್ನೂ 26ರ ಹರೆಯದಲ್ಲೇ, ಪ್ರಯೋಗಾಲಯದ ಸ್ಫೋಟದಲ್ಲಿ ಎರಡೂ ಕಣ್ಣು ಕಳೆದುಕೊಂಡಿದ್ದರು. ಇಂಥ ಗಣಿತವನ್ನು ಅವರು ತಲೆಯಲ್ಲೇ ಹಿಡಿದಿಟ್ಟುಕೊಳ್ಳಬೇಕಿತ್ತು. ಮೆಕೆಂಡ್ರಿಕ್ ಭಾರತದಲ್ಲಿ ಕೆಲಸ ಮಾಡಿದ್ದ ವೈದ್ಯರು. ಸಾಂಕ್ರಾಮಿಕ ನಿಲ್ಲಬೇಕಾದರೆ ಒಂದೋ ಎಲ್ಲರಿಗೂ ಬಂದಿರಬೇಕು, ಇಲ್ಲವೇ ರೋಗಾಣು ಬಲ ಕಳೆದುಕೊಂಡಿರಬೇಕು ಎಂದು ಆಗ ನಂಬುತ್ತಿದ್ದರು. ಎರಡೂ ಬೇಕಿಲ್ಲ ಎಂದು ಇವರು ತೋರಿಸಿದರು. 1905-06ರಲ್ಲಿ ಬಾಂಬೆಯ ಪ್ಲೇಗಿಗೆ ವಾರವಾರ ಸತ್ತವರ ಲೆಕ್ಕ ತೆಗೆದುಕೊಂಡು, ತಮ್ಮ ಸೂತ್ರದ ಗೆರೆಯನ್ನು ಅದರ ಮೇಲೆ ಎಳೆದರು. 17ನೇ ವಾರದ ಹೊತ್ತಿಗೆ ಸಾವು 900ರ ಹತ್ತಿರ ಏರಿ, ಏರಿದಷ್ಟೇ ವೇಗದಲ್ಲಿ ಇಳಿಯುವ ಗುಡ್ಡದಂಥ ಗೆರೆ. ಪ್ಲೇಗು ಇಲಿಗಳ ಚಿಗಟದಿಂದ ಹರಡುತ್ತದೆ, ಹಾಗಾಗಿ ಇದು ಒರಟು ಅಂದಾಜು ಅಷ್ಟೇ ಎಂದು ಅವರೇ ಬರೆದರು. ನನಗೆ ಆ ಮಾತು ಗೆರೆಗಿಂತಲೂ ಇಷ್ಟ.

ದಡಾರದ ಲೆಕ್ಕ ಇನ್ನೂ ಕಠಿಣ. ಅಲ್ಲಿ ಒಬ್ಬರಿಂದ 12ರಿಂದ 18 ಜನಕ್ಕೆ ಅಂಟುತ್ತದೆ. ಅದಕ್ಕೇ 95% ಮಕ್ಕಳಿಗೆ ಲಸಿಕೆ ಹಾಕಬೇಕು ಅನ್ನುವುದು. ಕಾಯಿಲೆ ಬರುವ ಮೊದಲೇ ಒಣಸೌದೆಯನ್ನು ಹಸಿಯಾಗಿಸುವ ಕೆಲಸ ಅದು. ಲಸಿಕೆ ಬರುವ ಮುಂಚೆ ಇಂಗ್ಲೆಂಡಿನಲ್ಲಿ ದಡಾರ ಹೆಚ್ಚುಕಡಿಮೆ ಎರಡು ವರ್ಷಕ್ಕೊಮ್ಮೆ ಏರಿ ಇಳಿಯುತ್ತಿತ್ತು. ಇಳಿದಾಗ ಕಾಯಿಲೆ ಹೋಯಿತು ಅನ್ನಿಸುತ್ತಿತ್ತು. ಅಷ್ಟರಲ್ಲಿ ಹೊಸ ಮಕ್ಕಳು ಹುಟ್ಟಿ, ಕಿಡಿ ಹತ್ತುವಷ್ಟು ಸೌದೆ ಮತ್ತೆ ಕೂಡಿಬಿಡುತ್ತಿತ್ತು.