ಶಾಖೆಯ ಸರ್ವರ್ ಮಳೆಗಾಲ ಕಳೆದು ಮರಳಿದಾಗ

ತೀರ್ಥಹಳ್ಳಿ, ಸಾಗರ, ಹೊಸನಗರಗಳಂಥ ಊರುಗಳಲ್ಲಿರುವ ಶಾಖಾ ಕಚೇರಿಗಳ ಸರ್ವರ್‌ಗಳನ್ನು ಶಿವಮೊಗ್ಗದಿಂದ ನೋಡಿಕೊಳ್ಳುವ ನನಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರುವ ದೂರು ಹೆಚ್ಚು ಕಡಿಮೆ ಒಂದೇ: ಶಾಖೆಯಲ್ಲಿ ಉಳಿಸಿದ ಫೈಲು ಮುಖ್ಯ ಕಚೇರಿಯಲ್ಲಿ ಕಾಣುತ್ತಿಲ್ಲ. ಗಾಳಿಮಳೆಗೆ ಮರ ಉರುಳಿ ಕೇಬಲ್ ತುಂಡಾಗುವುದು ಇಲ್ಲಿ ಸಾಮಾನ್ಯವಾದ್ದರಿಂದ ಎಲ್ಲರೂ ಮೊದಲು ನೆಟ್‌ವರ್ಕನ್ನೇ ದೂರುತ್ತಾರೆ. ಸಂಪರ್ಕ ಮರಳಿದ ಮೇಲೂ ಫೈಲು ಬಾರದಿದ್ದರೆ ಕಾರಣವನ್ನು ಸರ್ವರ್‌ನ ಒಳಗೇ ಹುಡುಕಬೇಕು.

ಒಂದೇ ಫೋಲ್ಡರಿನ ಪ್ರತಿಗಳನ್ನು ಹಲವು ಸರ್ವರ್‌ಗಳಲ್ಲಿ ಒಂದೇ ರೀತಿ ಇಡುವುದು ಡಿಎಫ್‌ಎಸ್ ರೆಪ್ಲಿಕೇಶನ್ ಎಂಬ ವ್ಯವಸ್ಥೆ. ವಿಂಡೋಸ್ ಸರ್ವರ್ 2003 ಆರ್2ರಲ್ಲಿ ಬಂದ ಇದು ಫೈಲನ್ನು ನೇರವಾಗಿ ಕಳುಹಿಸುವುದಿಲ್ಲ. ಮೊದಲು ಅದರ ಒಂದು ಪ್ರತಿಯನ್ನು ಸ್ಟೇಜಿಂಗ್ ಎಂಬ ಫೋಲ್ಡರಿನಲ್ಲಿ ಸಿದ್ಧಪಡಿಸಿಕೊಂಡು ಅಲ್ಲಿಂದ ರವಾನಿಸುತ್ತದೆ. ಈ ಫೋಲ್ಡರಿಗೆ ತಾನಾಗಿ ಸಿಗುವ ಮಿತಿ 4096 ಎಂಬಿ ಮಾತ್ರ. ಜಮೀನಿನ ದಾಖಲೆಗಳನ್ನು ದೊಡ್ಡ ದೊಡ್ಡ ಸ್ಕ್ಯಾನ್‌ಗಳಾಗಿ ಇಡುವ ಕಚೇರಿಗೆ ಇದು ಸಾಲದು. ಸರ್ವರ್ ತನ್ನ ಸಂದೇಶಗಳನ್ನು ಸಂಖ್ಯೆ ಸಮೇತ ಬರೆದಿಡುವ ಈವೆಂಟ್ ಲಾಗ್‌ನಲ್ಲಿ 4202 (ಸ್ಟೇಜಿಂಗ್ ತುಂಬುತ್ತಿದೆ) ಮತ್ತು 4204 (ಹಳೆಯವನ್ನು ಅಳಿಸಿ ಜಾಗ ಮಾಡಲಾಗಿದೆ) ದಿನವಿಡೀ ಒಂದರ ಹಿಂದೊಂದು ಬರುತ್ತಿದ್ದರೆ, ರೆಪ್ಲಿಕೇಟ್ ಆಗುವ ಫೋಲ್ಡರಿನಲ್ಲಿರುವ ಅತಿ ದೊಡ್ಡ 32 ಫೈಲುಗಳ ಒಟ್ಟು ಗಾತ್ರಕ್ಕಿಂತ ಕಡಿಮೆಯಾಗದಂತೆ ಮಿತಿಯನ್ನು ಏರಿಸಬೇಕು. ಇದು ಸುಲಭದ ಕೆಲಸ.

ವಿದ್ಯುತ್ ಹಠಾತ್ತನೆ ಹೋಗಿ ಯುಪಿಎಸ್ ಕೂಡ ಕೈಕೊಟ್ಟ ಸರ್ವರ್‌ನ ಲಾಗ್‌ನಲ್ಲಿ 2213 ಎಂಬ ಸಂದೇಶ ಕಾಣಬಹುದು. ರೆಪ್ಲಿಕೇಶನ್‌ನ ಡೇಟಾಬೇಸ್ ಸರಿಯಾಗಿ ಮುಚ್ಚಿಲ್ಲವೆಂದೂ, ನಿರ್ವಾಹಕರು ಹೇಳುವವರೆಗೆ ರೆಪ್ಲಿಕೇಶನ್ ನಿಲ್ಲಿಸಲಾಗಿದೆಯೆಂದೂ ಅದರರ್ಥ. ಮುಂದುವರಿಸುವ ಆಜ್ಞೆ ಆ ಸಂದೇಶದಲ್ಲೇ ಬರೆದಿರುತ್ತದೆ. ಅದನ್ನು ಕೊಡುವ ಮುನ್ನ ಫೋಲ್ಡರಿನ ಬ್ಯಾಕಪ್ ತೆಗೆದಿಡಿ.

ನನ್ನನ್ನು ನಿಜವಾಗಿ ಹೆದರಿಸುವುದು 4012 ಎಂಬ ಸಂದೇಶ. ಒಂದು ಶಾಖೆಯ ಸರ್ವರ್‌ನಲ್ಲಿ ರೆಪ್ಲಿಕೇಶನ್ ಮಳೆಗಾಲದ ಆರಂಭದಲ್ಲೇ ನಿಂತಿತ್ತು. ಸಿಬ್ಬಂದಿ ಮಾತ್ರ ಸ್ಥಳೀಯ ಫೋಲ್ಡರಿನಲ್ಲಿ ಎಂದಿನಂತೆ ಕೆಲಸ ಮಾಡುತ್ತಲೇ ಇದ್ದರು, ಏಕೆಂದರೆ ಅವರ ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಇತ್ತು. ಇತರ ಸರ್ವರ್‌ಗಳಿಂದ 60 ದಿನಗಳಿಗಿಂತ ಹೆಚ್ಚು ಕಾಲ ದೂರವಿದ್ದ ಪ್ರತಿಯನ್ನು ಹಳತೆಂದು ಪರಿಗಣಿಸಿ ರೆಪ್ಲಿಕೇಶನ್ ತಡೆಯುವುದು ವಿಂಡೋಸ್ ಸರ್ವರ್ 2012ರಿಂದೀಚೆಗೆ ಸಿದ್ಧ ನಿಯಮ. ಇಲ್ಲಿ ಎಲ್ಲರಿಗೂ ತೋಚುವ ಪರಿಹಾರವೆಂದರೆ ಆ ಸರ್ವರ್ ಅನ್ನು ರೆಪ್ಲಿಕೇಶನ್‌ನ ಸರ್ವರ್ ಗುಂಪಿನಿಂದ ತೆಗೆದು ಮತ್ತೆ ಸೇರಿಸುವುದು. ಆ ದಾರಿ ತಪ್ಪಲ್ಲ. ಆದರೆ ಹಾಗೆ ಸೇರಿಸಿದೊಡನೆ ಮುಖ್ಯ ಕಚೇರಿಯ ಪ್ರತಿಯೇ ಪ್ರಮಾಣವಾಗುತ್ತದೆ. ಎರಡೂ ಕಡೆ ಇದ್ದು ವ್ಯತ್ಯಾಸವಿರುವ ಫೈಲುಗಳಲ್ಲಿ ಶಾಖೆಯ ಪ್ರತಿ ಸೋಲುತ್ತದೆ, ಶಾಖೆಯಲ್ಲಿ ಮಾತ್ರ ಇದ್ದವು ಡಿಎಫ್‌ಎಸ್‌ಆರ್ ಪ್ರೈವೇಟ್ ಎಂಬ ಅಡಗಿದ ಫೋಲ್ಡರಿನ ಒಳಗಿರುವ ಪ್ರಿಎಕ್ಸಿಸ್ಟಿಂಗ್‌ಗೆ ಸರಿಯುತ್ತವೆ. ಎರಡು ತಿಂಗಳ ದುಡಿಮೆ ಒಂದೇ ಸಂಜೆಯಲ್ಲಿ ಕಣ್ಮರೆಯಾದಂತೆ ಸಿಬ್ಬಂದಿಗೆ ತೋರುತ್ತದೆ. ಆದ್ದರಿಂದ ಶಾಖೆಯ ಫೋಲ್ಡರನ್ನು ಬೇರೊಂದು ಡಿಸ್ಕಿಗೆ ಪೂರ್ತಿ ನಕಲು ಮಾಡಿಕೊಳ್ಳದೆ ನಾನು ಈ ಕೆಲಸಕ್ಕೆ ಕೈಹಾಕುವುದಿಲ್ಲ. ಅಂದು ನಕಲಿನಲ್ಲಿದ್ದ ಹೊಸ ಫೈಲುಗಳನ್ನು ಶಾಖೆಯ ಗುಮಾಸ್ತರ ಜೊತೆ ಕುಳಿತು ಒಂದೊಂದಾಗಿ ಗುರುತಿಸಿ ಸೇರಿಸಿದೆವು, ಏಕೆಂದರೆ ಯಾವ ಫೈಲು ಸರಿಯೆಂದು ಹೇಳಬಲ್ಲವರು ಅವರೊಬ್ಬರೇ.

ಒಂದೇ ಸಾಲದ ಪಟ್ಟಿಯನ್ನು ಎರಡು ಊರಿನವರು ಏಕಕಾಲಕ್ಕೆ ತಿದ್ದಿದರೂ ಇಂಥದೇ ನಷ್ಟವಾಗುತ್ತದೆ. ಈ ವ್ಯವಸ್ಥೆಗೆ ಊರಿಂದೂರಿಗೆ ಬೀಗ ಹಾಕುವ ಶಕ್ತಿಯಿಲ್ಲ. ಕೊನೆಗೆ ಉಳಿಸಿದವರ ಪ್ರತಿ ಗೆಲ್ಲುತ್ತದೆ. ಸೋತದ್ದು ಕಾನ್‌ಫ್ಲಿಕ್ಟ್ ಆಂಡ್ ಡಿಲೀಟೆಡ್ ಎಂಬ ಫೋಲ್ಡರಿಗೆ ಹೋಗುತ್ತದೆ, ಅದು ತುಂಬಿದಾಗ ಹಳೆಯವು ಅಳಿಯುತ್ತವೆ. ಹೀಗಾಗಿ ಅಂಥ ಪಟ್ಟಿಗಳನ್ನು ನಾನು ರೆಪ್ಲಿಕೇಶನ್‌ನಿಂದ ಹೊರಗೆ, ಒಂದೇ ಸರ್ವರ್‌ನಲ್ಲಿ ಇಡಿಸುತ್ತೇನೆ.

ಈಗ ಮೇ ಕೊನೆಯಿಂದ ಪ್ರತಿ ಸೋಮವಾರ ಎಲ್ಲ ಶಾಖೆಗಳ ಬ್ಯಾಕ್‌ಲಾಗ್, ಅಂದರೆ ಇನ್ನೂ ರವಾನೆಯಾಗದೆ ಉಳಿದ ಫೈಲುಗಳ, ಎಣಿಕೆಯನ್ನು ಎರಡೂ ದಿಕ್ಕಿನಲ್ಲಿ ತೆಗೆದು ಬರೆದಿಡುತ್ತೇನೆ. ಎರಡು ವಾರ ಸತತವಾಗಿ ಏರಿದ ಶಾಖೆಗೆ, 60 ದಿನ ತುಂಬಲು ಇನ್ನೂ ಸಾಕಷ್ಟು ಸಮಯವಿರುವಾಗಲೇ, ಹೊರಡುತ್ತೇನೆ.