ಎರಡು ಫೋಟಾನ್ ಪಾಲಿಮರೀಕರಣ: ವರ್ಗದ ಲೆಕ್ಕ ಹಿಡಿದರೆ ಅರ್ಧ ಪಾಠ ಮುಗಿಯಿತು

ರೆಸಿನ್ ಎಂಬ ಅಂಟು ದ್ರವವನ್ನು ಲೇಸರ್‌ನಿಂದ ಚುಕ್ಕಿ ಚುಕ್ಕಿಯಾಗಿ ಗಟ್ಟಿ ಮಾಡಿ ಸೂಕ್ಷ್ಮ ಆಕಾರ ಬರೆಯುವ ವಿಧಾನ ಇದು. ಕಲಿಯಲು ನಾನು ಮೊದಲು ಉಪಕರಣದ ಚಿತ್ರ ಬಾಯಿಪಾಠ ಮಾಡಿದೆ. ಏನೂ ತಲೆಗೆ ಹತ್ತಲಿಲ್ಲ. ಒಂದು ಪ್ರಶ್ನೆಯಿಂದ ಶುರು ಮಾಡಿ: ಲೇಸರ್ ಇಡೀ ರೆಸಿನ್ ಹನಿಯನ್ನು ದಾಟಿ ಹೋಗುತ್ತದೆ, ಆದರೂ ನಡುವಿನ ಒಂದು ಚುಕ್ಕಿ ಮಾತ್ರ ಗಟ್ಟಿಯಾಗುವುದು ಯಾಕೆ?

ರೆಸಿನ್‌ನಲ್ಲಿರುವ ಇನಿಶಿಯೇಟರ್‌ಗೆ (ಗಟ್ಟಿಯಾಗುವ ಕ್ರಿಯೆ ಶುರು ಮಾಡುವ ರಾಸಾಯನಿಕ) 400 ನ್ಯಾನೋಮೀಟರ್ ಆಸುಪಾಸಿನ ತರಂಗಾಂತರದ ಬೆಳಕು ಬೇಕು. ನಾವು ಕೊಡುವುದು 800ರ ಇನ್ಫ್ರಾರೆಡ್. ತರಂಗಾಂತರ ದುಪ್ಪಟ್ಟು, ಹಾಗಾಗಿ ಬೆಳಕಿನ ಒಂದು ಕಣದಲ್ಲಿ, ಅಂದರೆ ಒಂದು ಫೋಟಾನ್‌ನಲ್ಲಿ ಬೇಕಾದ ಶಕ್ತಿಯ ಅರ್ಧ ಮಾತ್ರ ಇದೆ. ಮಲ್ಪೆ ಕಡೆ ನಾಡದೋಣಿ ದಡಕ್ಕೆ ಎಳೆಯುವುದನ್ನು ನೋಡಿದ್ದೀರಲ್ವಾ? ಒಬ್ಬ ಈಗ, ಇನ್ನೊಬ್ಬ ಆಮೇಲೆ ಎಳೆದರೆ ದೋಣಿ ಅಲುಗುವುದಿಲ್ಲ. ಇಲ್ಲೂ ಎರಡು ಫೋಟಾನ್ ಒಂದೇ ಉಸಿರಿಗೆ ಬರಬೇಕು. ಆಗ ಇನಿಶಿಯೇಟರ್ ಒಡೆದು ಚುರುಕಾದ ತುಣುಕು, ಅಂದರೆ ರ‍್ಯಾಡಿಕಲ್ ಹುಟ್ಟುತ್ತದೆ, ರೆಸಿನ್‌ನ ಸಣ್ಣ ಅಣುಗಳು (ಮೊನೊಮರ್) ಒಂದಕ್ಕೊಂದು ಕೂಡಿ ಸರಪಳಿ ಬೆಳೆಯುತ್ತದೆ. ಎರಡು ಫೋಟಾನ್ ಹೀಗೆ ಒಟ್ಟಿಗೆ ಹೀರಲ್ಪಡಬಹುದು ಎಂದು ಭೌತವಿಜ್ಞಾನಿ ಮರಿಯಾ ಗೋಪರ್ಟ್-ಮೇಯರ್ 1931ರಲ್ಲೇ ಲೆಕ್ಕದಲ್ಲಿ ತೋರಿಸಿದ್ದರು. ಪ್ರಯೋಗದಲ್ಲಿ ಕಂಡದ್ದು ಲೇಸರ್ ಬಂದ ಮೇಲೆ, 1961ರಲ್ಲಿ.

ಎರಡೂ ಫೋಟಾನ್ ಒಟ್ಟಿಗೆ ಸಿಗುವ ಸಾಧ್ಯತೆ ಬೆಳಕಿನ ತೀವ್ರತೆಯ ವರ್ಗಕ್ಕೆ (ಅದನ್ನು ಅದರಿಂದಲೇ ಗುಣಿಸಿದ್ದಕ್ಕೆ) ತಕ್ಕಷ್ಟು. ತೀವ್ರತೆ ಅರ್ಧವಾದರೆ ಹೀರುವಿಕೆ ಕಾಲು ಭಾಗ. ಹತ್ತನೇ ಒಂದಾದರೆ ನೂರನೇ ಒಂದು. ಫೋಕಸ್‌ನಿಂದ (ಬೆಳಕು ಒಟ್ಟುಗೂಡಿ ತೀವ್ರತೆ ಅತಿ ಹೆಚ್ಚಿರುವ ಚುಕ್ಕಿ) ಚೂರು ಸರಿದರೂ ಕೆಲಸ ನಿಂತಿತು. ಅಂಚಿನಲ್ಲಿ ಅಷ್ಟಿಷ್ಟು ಹುಟ್ಟಿದ ರ‍್ಯಾಡಿಕಲ್‌ಗಳನ್ನು ಕರಗಿದ ಆಮ್ಲಜನಕ ನುಂಗಿಹಾಕುತ್ತದೆ. ಉಳಿಯುವ ಚುಕ್ಕಿಯೇ ವೋಕ್ಸೆಲ್. 2001ರಲ್ಲಿ ಜಪಾನಿನ ಒಸಾಕಾದ ಸಂಶೋಧಕರು ಹೀಗೆ ಚುಕ್ಕಿ ಜೋಡಿಸಿ 10 ಮೈಕ್ರೋಮೀಟರ್ ಉದ್ದದ ಗೂಳಿ ಮಾಡಿದರು. ಹೆಚ್ಚುಕಡಿಮೆ ಒಂದು ಕೆಂಪು ರಕ್ತಕಣದಷ್ಟು!

ಲೇಸರ್ ಫೆಮ್ಟೋಸೆಕೆಂಡ್ (10⁻¹⁵ ಸೆಕೆಂಡ್) ಅಳತೆಯ ಪಲ್ಸ್‌ಗಳಲ್ಲಿ, ಅಂದರೆ ಬಿಟ್ಟು ಬಿಟ್ಟು ಮಿಂಚುವ ಬೆಳಕಾಗಿ ಬರುವುದು ಯಾಕೆ? 100 ಫೆಮ್ಟೋಸೆಕೆಂಡ್‌ನ ಪಲ್ಸ್, ಸೆಕೆಂಡಿಗೆ 8 ಕೋಟಿ ಬಾರಿ ಎಂದಿಟ್ಟುಕೊಳ್ಳಿ. ಎರಡು ಪಲ್ಸ್ ನಡುವೆ 12.5 ನ್ಯಾನೋಸೆಕೆಂಡ್. ಅಂದರೆ ಸರಾಸರಿ 10 ಮಿಲಿವ್ಯಾಟ್ ಇದ್ದರೂ ಪಲ್ಸ್‌ನ ಹೊತ್ತಿಗೆ ಸುಮಾರು 1,250 ವ್ಯಾಟ್. ಸುಮ್ನೆ ಓದಬೇಡಿ, ಒಮ್ಮೆ ಭಾಗಿಸಿ ನೋಡಿ.

ಇನ್ನು ನನ್ನ ಎಡವಟ್ಟು. ಹಳದಿ ದೀಪದ ಕೋಣೆಯಲ್ಲಿ ಕೂತು ಚಂದದ ಜಾಲರಿ ಬರೆದೆ, ಪರದೆ ಮೇಲೆ ಗೆರೆಗೆರೆಯೂ ಕಾಣುತ್ತಿತ್ತು. ಗಟ್ಟಿಯಾಗದ ರೆಸಿನ್ ಹೋಗಲೆಂದು ದ್ರಾವಣದಲ್ಲಿ ಅದ್ದಿ ತೆಗೆದರೆ ಗಾಜು ಖಾಲಿ! ಮೊದಲ ಪದರವನ್ನು ಗಾಜಿಗಿಂತ ಒಂದೆರಡು ಮೈಕ್ರೋಮೀಟರ್ ಮೇಲೆ ಬರೆದಿದ್ದೆ. ಬುಡವೇ ಅಂಟಿರಲಿಲ್ಲ, ತೊಳೆಯುವಾಗ ತೇಲಿ ಹೋಯಿತು. ಬರೆಯಲು ಶುರು ಮಾಡುವ ಜಾಗ ಚೂರು ಗಾಜಿನೊಳಗೇ ಇರಲಿ.

ವೈದ್ಯಕೀಯದಲ್ಲಿ ಇದರಿಂದ ಸೂಕ್ಷ್ಮ ಸೂಜಿ, ಜೀವಕೋಶ ಬೆಳೆಸುವ ಚೌಕಟ್ಟು ಮಾಡುತ್ತಾರೆ. ಚೌಕಟ್ಟಿನ ರಂಧ್ರವನ್ನು ಕೋಶದ ಅಳತೆಗೆ ತಕ್ಕಂತೆ ಬರೆಯಬಹುದು, ಅದೇ ಲಾಭ. ಆದರೆ ಒಳಗೆ ಉಳಿದ ಇನಿಶಿಯೇಟರ್, ಮೊನೊಮರ್ ಕೋಶಕ್ಕೆ ವಿಷವಾಗಬಹುದು, ಚೆನ್ನಾಗಿ ತೊಳೆಯಲೇಬೇಕು. ಸಮಯವೂ ಜಾಸ್ತಿ: ಅದೇ ಚುಕ್ಕಿ, ಅದೇ ವೇಗದಲ್ಲಿ ಗಟ್ಟಿ ತುಂಡನ್ನು ಮೂರೂ ಕಡೆ ಹತ್ತು ಪಟ್ಟು ದೊಡ್ಡದು ಮಾಡಿದರೆ, ಒಂದು ನಿಮಿಷದ ಕೆಲಸ ಹದಿನಾರು ಗಂಟೆ ದಾಟುತ್ತದೆ.